ಬಿಟ್ಟ ನಾಲ್ಕು ಸಾಲು



ಮಳೆಗಾಲ ಹಿಡಿಯುವ ಮುಂಚೆ ಮಲೆನಾಡಿನ ನಮ್ಮ ಬಾಳೂರು ಕಡೆಯ ಕಾಫಿ ತೋಟಗಳಲ್ಲಿ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುವ ಕೆಲಸ ಇರುತ್ತದೆ. ನಾನು ಚಿಕ್ಕವನಿದ್ದಾಗ ಅಪ್ಪ ಕಣದ ಮೂಲೆಯಲ್ಲಿ ಮೂರು ಪೀಪಾಯಿ ಇಟ್ಟುಕೊಂಡು ಅದನ್ನು ಕಲೆಸುತ್ತಿದ್ದರು. ಒಂದರಲ್ಲಿ ಮೈಲುತುತ್ತ ಕರಗಿಸಿದ ನೀಲಿ ನೀರು, ಇನ್ನೊಂದರಲ್ಲಿ ಅರಳಿಸಿ ಸೋಸಿದ ಸುಣ್ಣದ ಹಾಲು. ಎರಡನ್ನೂ ಮೂರನೆಯದಕ್ಕೆ ಒಟ್ಟಿಗೆ ಸುರಿದು ಕೋಲಿನಿಂದ ತಿರುವಿದರೆ ತಿಳಿ ನೀಲಿಯ ದ್ರಾವಣ ಸಿದ್ಧ. ಆದರೆ ಅಷ್ಟಕ್ಕೇ ಅದನ್ನು ಸ್ಪ್ರೇಯರಿಗೆ ತುಂಬಲು ಅಪ್ಪ ಬಿಡುತ್ತಿರಲಿಲ್ಲ. ಕತ್ತಿಯನ್ನು ಮರಳಿನಲ್ಲಿ ತಿಕ್ಕಿ, ಹೊಳೆಯುವ ಅಲಗನ್ನು ದ್ರಾವಣದಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿಯುತ್ತಿದ್ದರು. ಮೇಲೆತ್ತಿದಾಗ ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದು, ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಹಾಗೇ ಹೊಡೆದರೆ ಎಲೆ ಸುಟ್ಟುಹೋಗುತ್ತದೆ. ಮತ್ತಷ್ಟು ಸುಣ್ಣ ಹಾಕಬೇಕು, ಮತ್ತೆ ಕತ್ತಿ ಅದ್ದಬೇಕು.

ಒಂದು ಸಲ ನಾನು ಕೇಳಿದೆ: "ತೂಕ ಮಾಡಿಯೇ ಹಾಕಿದ್ದೀರಲ್ಲ ಅಪ್ಪ, ಮತ್ತೆ ಯಾಕೆ ನೋಡೋದು?"

"ಸುಣ್ಣ ಹಳೇದಿದ್ರೆ?" ಅಂದರು ಅಪ್ಪ. "ನಾನು ಸರಿ ಹಾಕಿದ್ದೀನಿ ಅಂತ ನನಗನ್ಸುತ್ತೆ. ಕತ್ತಿಗೆ ಅನ್ಸಬೇಕಲ್ಲ."

ವಿಜ್ಞಾನದ ವಿಧಾನದ ಬಗ್ಗೆ ಮಾತಾಡಲು ಕರೆದಾಗ ನನಗೆ ಮೊದಲು ನೆನಪಾದದ್ದು ಈ ಕತ್ತಿ. ಶಾಲೆಯಲ್ಲಿ ನಾವೆಲ್ಲ ಕಲಿತಿದ್ದೇವೆ: ಅವಲೋಕನ, ಊಹೆ, ಪ್ರಯೋಗ, ತೀರ್ಮಾನ. ನಾಲ್ಕು ಪದ ಬರೆದರೆ ನಾಲ್ಕು ಅಂಕ. ಆ ಪದಗಳು ತಪ್ಪಲ್ಲ. ಆದರೆ ಅವುಗಳ ಒಳಗಿನ ಜೀವ ಕತ್ತಿಯಲ್ಲಿದೆ. ಕತ್ತಿಗೆ ಯಾರ ಮುಲಾಜೂ ಇಲ್ಲ. ಅಪ್ಪ ಎಷ್ಟು ವರ್ಷದ ಅನುಭವಸ್ಥರು ಎಂದು ಅದು ನೋಡುವುದಿಲ್ಲ. ಇನ್ನೂ ಒಂದು ಮಾತಿದೆ. ಅಲಗು ಕೆಂಪಾದರೆ ನನ್ನ ಲೆಕ್ಕ ತಪ್ಪು ಎಂದು ಅಪ್ಪ ಕತ್ತಿ ಅದ್ದುವ ಮೊದಲೇ ಒಪ್ಪಿಕೊಂಡಿದ್ದಾರೆ. ಅದ್ದಿದ ಮೇಲೆ ಕೆಂಪನ್ನು ಕಂಡು, ಇದು ಕತ್ತಿಯ ದೋಷ ಎಂದು ಹೇಳುವ ಹಾಗಿಲ್ಲ. ನಮ್ಮ ನಂಬಿಕೆಗೆ "ಅಲ್ಲ" ಎನ್ನುವ ಅವಕಾಶವನ್ನು ನಮ್ಮ ಮಾತು ಕೇಳದ ಒಂದು ವಸ್ತುವಿನ ಕೈಗೆ ಕೊಡುವುದು. ನಾನು ತಿಳಿದುಕೊಂಡ ಮಟ್ಟಿಗೆ ವಿಜ್ಞಾನ ನಡೆಯುವ ರೀತಿ ಇದು.

ಈ ಬೋರ್ಡೋ ಎಂಬ ಹೆಸರು ಫ್ರಾನ್ಸ್ ದೇಶದ ಒಂದು ಊರಿನದು. ಅಲ್ಲಿ ದ್ರಾಕ್ಷಿ ತೋಟಗಳು. 1882ರ ಅಕ್ಟೋಬರಿನಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ಆ ಸೀಮೆಯ ಒಂದು ತೋಟದ ಪಕ್ಕ ನಡೆದು ಹೋಗುತ್ತಿದ್ದರು. ಆ ವರ್ಷ ಬೂಜುರೋಗ ಬಂದು ಬಳ್ಳಿಗಳೆಲ್ಲ ಎಲೆ ಉದುರಿಸಿ ನಿಂತಿದ್ದವು. ಆದರೆ ರಸ್ತೆ ಬದಿಯ ಸಾಲುಗಳಲ್ಲಿ ಮಾತ್ರ ಎಲೆ ಇತ್ತು, ಎಲೆಯ ಮೇಲೆ ನೀಲಿ ಕಲೆ ಇತ್ತು. ವಿಚಾರಿಸಿದಾಗ ತಿಳಿಯಿತು: ದಾರಿಹೋಕರು ಹಣ್ಣು ಕೀಳುತ್ತಾರೆಂದು, ನೋಡಿದರೆ ವಿಷ ಅನಿಸಲಿ ಎಂದು ಮೈಲುತುತ್ತ ಮತ್ತು ಸುಣ್ಣ ಕಲೆಸಿ ಎರಚಿದ್ದರು. ಕಳ್ಳರಿಗೆಂದು ಎರಚಿದ್ದು ರೋಗಕ್ಕೆ ತಗುಲಿತ್ತು. ಮಿಲಾರ್ಡೆ ಕೂಡಲೇ ಊರೂರಿಗೆ ಡಂಗುರ ಹೊಡೆಸಲಿಲ್ಲ. ಬೇರೆ ಬೇರೆ ಪ್ರಮಾಣದಲ್ಲಿ ಕಲೆಸಿ, ಬೇರೆ ಬಳ್ಳಿಗಳ ಮೇಲೆ ಪರೀಕ್ಷಿಸಿ 1885ರಲ್ಲಿ ಪ್ರಕಟಿಸಿದರು.

ಈ ಕಥೆ ಹೇಳುವವರೆಲ್ಲ ರಸ್ತೆ ಬದಿಯ ಹಸಿರು ಸಾಲನ್ನೇ ಹೊಗಳುತ್ತಾರೆ. ನನ್ನ ಮನಸ್ಸು ಹೋಗುವುದು ಒಳಗಡೆ ಬೋಳಾಗಿ ನಿಂತ ಸಾಲುಗಳ ಕಡೆಗೆ. ತೋಟದವನು ಇಡೀ ತೋಟಕ್ಕೆ ಎರಚಿದ್ದರೆ ಈ ವರ್ಷ ಇಲ್ಲಿ ರೋಗ ಕಡಿಮೆ ಎಂದುಕೊಂಡು ಮಿಲಾರ್ಡೆ ಮುಂದೆ ಹೋಗಿಬಿಡುತ್ತಿದ್ದರೇನೋ. ಎರಚದೆ ಬಿಟ್ಟ ಸಾಲು ಪಕ್ಕದಲ್ಲೇ ಇದ್ದುದರಿಂದ ಎರಚಿದ್ದರ ಗುಣ ಕಂಡಿತು.

ಈಗ ನಮ್ಮ ಕಾಫಿಗೆ ಬರೋಣ. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಹುಡಿ, ಮೇಲ್ಗಡೆ ಹಳದಿ ಚುಕ್ಕೆ, ಆಮೇಲೆ ಎಲೆ ಉದುರಿ ರೆಕ್ಕೆ, ಅಂದರೆ ಕೊಂಬೆ, ಬೋಳಾಗುವುದು. ಈ ತುಕ್ಕುರೋಗವನ್ನು ನೋಡದ ಬೆಳೆಗಾರ ಮಲೆನಾಡಿನಲ್ಲಿಲ್ಲ. 1869ರಲ್ಲಿ ಸಿಂಹಳದಲ್ಲಿ ಇದನ್ನು ಗುರುತಿಸಿದರು. ಹೆಚ್ಚು ಕಾಲ ಕಳೆಯುವ ಮೊದಲೇ ನಮ್ಮ ಗುಡ್ಡಗಳಿಗೂ ಬಂತು. ಸಿಂಹಳದ ಬೆಳೆಗಾರರಲ್ಲಿ ನೂರು ಮಾತು: ನೆಲದ ಸಾರ ಹೋಗಿದೆ, ಹವೆ ಕೆಟ್ಟಿದೆ, ಗಿಡಕ್ಕೆ ವಯಸ್ಸಾಗಿದೆ. 1880ರಲ್ಲಿ ಮಾರ್ಷಲ್ ವಾರ್ಡ್ ಎಂಬ ತರುಣ ವಿಜ್ಞಾನಿ ಅಲ್ಲಿಗೆ ಬಂದರು. ಅವರು ಗಾಜಿನ ಪಟ್ಟಿಗಳಿಗೆ ಗ್ಲಿಸರಿನ್ ಸವರಿ ಗಾಳಿಗೆ ಒಡ್ಡಿದರು. ಸ್ವಲ್ಪ ಯೋಚಿಸಿ ನೋಡಿ. ರೋಗ ನೆಲದಿಂದ ಅಥವಾ ಗಿಡದ ಒಳಗಿನ ದೌರ್ಬಲ್ಯದಿಂದ ಹುಟ್ಟುವುದಾದರೆ ಗಾಳಿಗೆ ಒಡ್ಡಿದ ಗಾಜಿನಲ್ಲಿ ಅದರ ಗುರುತು ಇರಲು ಕಾರಣವಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಅದೇ ತುಕ್ಕಿನ ಬೀಜಕಣಗಳು ಗಾಜಿಗೆ ಅಂಟಿಕೊಂಡಿದ್ದವು. ಶಿಲೀಂಧ್ರ ಗಾಳಿಯಲ್ಲಿ ಹಾರಿ ತೋಟದಿಂದ ತೋಟಕ್ಕೆ ಹೋಗುತ್ತಿತ್ತು. ಕಾರಣ ಸಿಕ್ಕಿತು, ಆದರೆ ಸಿಂಹಳದ ಕಾಫಿ ಉಳಿಯಲಿಲ್ಲ. ಅಲ್ಲಿನ ಬೆಳೆಗಾರರು ಟೀ ಹಾಕಿದರು. ಕಾರಣ ತಿಳಿದ ಮಾತ್ರಕ್ಕೆ ಪರಿಹಾರ ಕೈಗೆ ಬರುವುದಿಲ್ಲ ಎಂಬ ನೋವನ್ನೂ ಆ ದ್ವೀಪ ಕಂಡಿತು.

ನಮ್ಮಲ್ಲಿ ಈ ಬಗೆಯ ಕೆಲಸಕ್ಕೆ ನೆಲೆ ಹಾಕಿದವರು ಕೋಲ್ಮನ್. ಕೆನಡಾ ದೇಶದವರು. 1908ರಲ್ಲಿ ಮೈಸೂರು ಸರ್ಕಾರದ ಕೃಷಿ ಇಲಾಖೆಗೆ ಸಸ್ಯರೋಗ ಮತ್ತು ಕೀಟಗಳ ತಜ್ಞರಾಗಿ ಬಂದರು. ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಬರೆದರು, ಅದಕ್ಕೆ ಬೋರ್ಡೋ ಹೊಡೆಯಬಹುದೆಂದು ತೋರಿಸಿದರು. ಅದಕ್ಕೂ ಮುಂಚೆ ಮಲೆನಾಡಿನವರು ಮಳೆ ತಾಗದಂತೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಮುಂದೆ ಕೋಲ್ಮನ್ ಇಲಾಖೆಯ ನಿರ್ದೇಶಕರಾದರು, 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಶುರುವಾಯಿತು. ಇವತ್ತಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ.

ಬಾಳೆಹೊನ್ನೂರಿನಲ್ಲಿ ನಡೆದ ಒಂದು ಕೆಲಸ ನಮ್ಮ ಜಿಲ್ಲೆಯ ಮಕ್ಕಳಿಗೆಲ್ಲ ಗೊತ್ತಿರಬೇಕಿತ್ತು ಎಂಬುದು ನನ್ನ ಬಹುದಿನದ ಆಸೆ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ನಮ್ಮ ಗುಡ್ಡಗಳಲ್ಲಿದ್ದದ್ದು ಚಿಕ್ಸ್ ಎಂಬ ಹಳೆಯ ಕಾಫಿ ತಳಿ. ಬಿಳಿ ಕಾಂಡಕೊರಕ, ಅಂದರೆ ನಾವು ಬೋರರ್ ಎನ್ನುವ ಹುಳು, ಅದನ್ನು ಮುಗಿಸಿತು. ಅದರ ಜಾಗಕ್ಕೆ ಕೂರ್ಗ್ ತಳಿ ಬಂತು. ತುಕ್ಕು ಅದನ್ನು ಹಿಡಿಯಿತು. 1911ರ ಹೊತ್ತಿಗೆ ಮೈಸೂರು ಸೀಮೆಯ ಕೆಂಟ್ ಎಂಬ ಪ್ಲಾಂಟರ್ ತಮ್ಮ ತೋಟದಲ್ಲಿ ತುಕ್ಕು ಹಿಡಿಯದೆ ನಿಂತ ಗಿಡವನ್ನು ಕಂಡು ಅದರ ಬೀಜ ಉಳಿಸಿದರು. ಕೆಂಟ್ಸ್ ಎಂದೇ ಹೆಸರಾಯಿತು. ಬೆಳೆಗಾರರು ನಿಟ್ಟುಸಿರು ಬಿಟ್ಟು ಎಲ್ಲೆಲ್ಲೂ ಕೆಂಟ್ಸ್ ನೆಟ್ಟರು. ಕೆಲವು ವರ್ಷಗಳಾದ ಮೇಲೆ ಕೆಂಟ್ಸ್ ಎಲೆಯ ಅಡಿಯಲ್ಲೂ ಅದೇ ಕಿತ್ತಳೆ ಹುಡಿ.

ಆಗ ಏನು ಹೇಳಬಹುದು? ಬೀಜ ಕಲಬೆರಕೆಯಾಗಿರಬೇಕು ಎನ್ನಬಹುದು. ತಳಿ ಸವೆದುಹೋಗಿದೆ ಎನ್ನಬಹುದು. ಗೊಬ್ಬರ ಸಾಲದು, ನೆರಳಿನ ಮರಗಸಿ ಸರಿಯಾಗಿಲ್ಲ ಎನ್ನಬಹುದು. ಈ ಮಾತುಗಳೆಲ್ಲ ಗಿಡದ ಮೇಲೆ ತಪ್ಪು ಹೊರಿಸುತ್ತವೆ. ಬಾಳೆಹೊನ್ನೂರಿನ ವಿಜ್ಞಾನಿ ವಿಲ್ಸನ್ ಮೇಯ್ನ್ ಇನ್ನೊಂದು ಸಾಧ್ಯತೆಯನ್ನು ಎದುರಿಗಿಟ್ಟುಕೊಂಡರು: ಗಿಡ ಹಾಗೇ ಇದೆ, ಬಂದಿರುವ ತುಕ್ಕೇ ಬೇರೆ.

ಎರಡು ಊಹೆಗಳಲ್ಲಿ ಯಾವುದು ಸರಿ ಎಂದು ಕೂತು ವಾದ ಮಾಡಿದರೆ ತೀರುವುದಿಲ್ಲ. ಎರಡೂ ಬೇರೆ ಬೇರೆ ಉತ್ತರ ಕೊಡಲೇಬೇಕಾದಂಥ ಒಂದು ಪ್ರಶ್ನೆಯನ್ನು ಹುಡುಕಬೇಕು. ಇದೇ ಇಡೀ ವಿಧಾನದಲ್ಲಿ ಅತಿ ಕಷ್ಟದ, ಅತಿ ಸುಂದರವಾದ ಭಾಗ. ತುಕ್ಕೆಲ್ಲ ಒಂದೇ ಆಗಿದ್ದು ಗಿಡವೇ ಸೋತಿದ್ದರೆ, ಯಾವ ಎಲೆಯಿಂದ ತಂದ ಹುಡಿಯಾದರೂ ಕೆಂಟ್ಸ್ ಎಲೆಗೆ ಸವರಿದಾಗ ಒಂದೇ ಥರ ನಡೆದುಕೊಳ್ಳಬೇಕು. ತುಕ್ಕೇ ಬೇರೆ ಬೇರೆಯಾಗಿದ್ದರೆ ಒಂದು ಹುಡಿ ಹತ್ತಬೇಕು, ಇನ್ನೊಂದು ಹತ್ತಬಾರದು. ಬೇರೆ ಬೇರೆ ಮೂಲದ ಬೀಜಕಣಗಳನ್ನು ಬೇರೆ ಬೇರೆ ತಳಿಯ ಎಲೆಗಳಿಗೆ ಸೋಂಕಿಸಿ ಕಾದು ನೋಡಿದಾಗ ಎಲೆಗಳೇ ಉತ್ತರ ಕೊಟ್ಟವು. ಒಂದು ಬಗೆಯ ತುಕ್ಕು ಕೂರ್ಗ್ ಗಿಡಕ್ಕೆ ಹತ್ತುತ್ತದೆ, ಕೆಂಟ್ಸ್‌ಗೆ ಹತ್ತುವುದಿಲ್ಲ. ಇನ್ನೊಂದು ಬಗೆ ಎರಡಕ್ಕೂ ಹತ್ತುತ್ತದೆ. ಕಣ್ಣಿಗೆ ಎರಡೂ ಒಂದೇ ಹುಡಿ! 1932ರಲ್ಲಿ ಮೇಯ್ನ್ ಇದನ್ನು ಪ್ರಕಟಿಸಿದರು. ಕಾಫಿ ತುಕ್ಕಿಗೆ ಬೇರೆ ಬೇರೆ ಕುಲಗಳಿವೆ ಎಂದು ಜಗತ್ತಿನಲ್ಲಿ ಮೊದಲು ತೋರಿಸಿದ್ದು ಭದ್ರಾ ನದಿ ಹರಿಯುವ ಈ ನೆಲದಲ್ಲಿ. ಇವತ್ತು ಅಂಥ ಕುಲಗಳು ನಲವತ್ತಕ್ಕೂ ಹೆಚ್ಚು ಗೊತ್ತಿವೆ.

ಈ ಉತ್ತರದಿಂದ ಪ್ರಶ್ನೆಯೇ ಬದಲಾಯಿತು. ಅಲ್ಲಿಯವರೆಗೆ "ತುಕ್ಕು ತಡೆಯುವ ಗಿಡ ಯಾವುದು?" ಎಂದು ಕೇಳುತ್ತಿದ್ದರು. ಮೇಯ್ನ್ ಆದಮೇಲೆ "ಯಾವ ತುಕ್ಕನ್ನು ತಡೆಯುವ ಗಿಡ?" ಎಂದು ಕೇಳಬೇಕಾಯಿತು. ಆ ದಾರಿಯಲ್ಲೇ ಎಸ್. 288 ಎಂಬ ಆಯ್ಕೆಯನ್ನು ಕೆಂಟ್ಸ್ ಜೊತೆ ಸಂಕರ ಮಾಡಿ ಎಸ್. 795 ಬಂತು, 1940ರ ದಶಕದ ನಡುವೆ ಬೆಳೆಗಾರರ ಕೈಸೇರಿತು. ನಮ್ಮ ಮನೆಯ ಮೇಲಿನ ಗುಡ್ಡದಲ್ಲಿ ಅಜ್ಜ ನೆಟ್ಟ ಎಸ್. 795 ಗಿಡಗಳು ಇನ್ನೂ ಇವೆ. ಅವಕ್ಕೂ ಈಗ ತುಕ್ಕು ಬರುತ್ತದೆ. ಬೋರ್ಡೋ ಹೊಡೆದೇ ಕಾಪಾಡಬೇಕು.

ಹೊಡೆದರೆ ನಿಜಕ್ಕೂ ಎಷ್ಟು ಗುಣ? ಹನ್ನೆರಡು ವರ್ಷದ ಹಿಂದೆ ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿತು. ಅಪ್ಪನ ಕಾಲದಿಂದ ಇಡೀ ತೋಟಕ್ಕೆ ಹೊಡೆಯುತ್ತಾ ಬಂದಿದ್ದೇವೆ. ತುಕ್ಕು ಕಡಿಮೆ ಇದ್ದ ವರ್ಷ ಬೋರ್ಡೋದಿಂದ ಎನ್ನುತ್ತೇವೆ, ಹೆಚ್ಚಿದ್ದ ವರ್ಷ ಮಳೆಯಿಂದ ಎನ್ನುತ್ತೇವೆ. ಹೇಗೆ ಬಿದ್ದರೂ ಗೆಲ್ಲುವ ಮಾತು ಇದು. ಇಂಥ ಮಾತಿಗೆ ಕತ್ತಿ ಕೆಂಪಾಗುವ ದಾರಿಯೇ ಇಲ್ಲ. ಅದಕ್ಕೇ ಆ ವರ್ಷ ನಾಲ್ಕು ಸಾಲು ಹೊಡೆಯದೆ ಬಿಟ್ಟೆ. ನಷ್ಟವಾದರೂ ಕಡಿಮೆಯಾಗಲಿ ಎಂದು ಹಳ್ಳದ ಬದಿಯ, ಫಸಲು ಅಷ್ಟಕ್ಕಷ್ಟೇ ಇರುವ ಸಾಲುಗಳನ್ನು ಆರಿಸಿದೆ. ಅಕ್ಟೋಬರಿನಲ್ಲಿ ಎಣಿಸಿದಾಗ ಆ ಸಾಲುಗಳಲ್ಲಿ ತುಕ್ಕು ವಿಪರೀತ. ಸಂತೋಷದಿಂದ ಪಕ್ಕದ ತೋಟದ ಹಿರಿಯರಿಗೆ ಹೇಳಿದೆ. ಅವರು ಬಂದು ನೋಡಿ, "ಹಳ್ಳದ ಬದಿ ಕಣಯ್ಯ, ಇಲ್ಲಿ ತೇವ ಆರೋದೇ ಇಲ್ಲ, ಮರನೂ ದಟ್ಟ. ಹೊಡೆದಿದ್ರೂ ಇಲ್ಲಿ ಬರ್ತಿತ್ತೋ ಏನೋ" ಅಂದರು. ಒಂದೇ ಮಾತಿಗೆ ನನ್ನ ಒಂದು ವರ್ಷದ ಕೆಲಸ ಮಗುಚಿಬಿತ್ತು. ಅವರು ಹೇಳಿದ್ದು ನ್ಯಾಯವಾಗಿತ್ತು. ಬೋರ್ಡೋ ಒಂದನ್ನು ಬಿಟ್ಟು ಉಳಿದೆಲ್ಲ ಒಂದೇ ಥರ ಇರಬೇಕಿತ್ತು. ನಾನು ಬಿಟ್ಟ ಸಾಲಿಗೆ ನೆಲವೂ ಬೇರೆ, ನೆರಳೂ ಬೇರೆ.

ಮರುವರ್ಷ ಒಂದೇ ಗುಡ್ಡದ ಒಂದೇ ಇಳಿಜಾರಿನ ಸಾಲುಗಳಿಗೆ ನಂಬರು ಹಾಕಿ, ಚೀಟಿ ಬರೆದು, ಚೀಟಿ ಎತ್ತಿಸಿದೆ. ನನ್ನ ಕೈ ಆರಿಸಿದರೆ ನನ್ನ ಆಸೆಯೂ ಜೊತೆಯಲ್ಲಿ ಆರಿಸುತ್ತದೆ. ಚೀಟಿಗೆ ಆಸೆಯಿಲ್ಲ. ಆ ವರ್ಷ ಆದದ್ದೇ ಬೇರೆ. ಸ್ಪ್ರೇ ಮುಗಿದ ಸಂಜೆ ಮೇಸ್ತ್ರಿ ಬಂದು, "ಗೌಡ್ರೇ, ಹುಡುಗ್ರು ಮಧ್ಯೆ ಮಧ್ಯೆ ನಾಲ್ಕು ಸಾಲು ಬಿಟ್ಟಿದ್ರು, ನಾನೇ ನಿಂತು ಹೊಡೆಸ್ದೆ" ಅಂದರು. ಅವರ ಮುಖದಲ್ಲಿ ಕೆಲಸ ಪೂರ್ತಿ ಮಾಡಿದ ತೃಪ್ತಿ. ತಪ್ಪು ಅವರದಲ್ಲ. ಯಾಕೆ ಬಿಟ್ಟಿದ್ದೇನೆ ಎಂದು ನಾನು ಅವರಿಗೆ ಹೇಳಿಯೇ ಇರಲಿಲ್ಲ. ಗಿಡದ ಮುಂದೆ ಕೂತು ಎಲ್ಲ ವಿವರಿಸಿದ ಮೇಲೆ ಅವರು ಕೇಳಿದ ಪ್ರಶ್ನೆಯನ್ನು ನಾನು ಮರೆತಿಲ್ಲ: "ಹಂಗಾದ್ರೆ ಈ ನಾಲ್ಕು ಸಾಲು ಉಳಿದವುಕ್ಕೋಸ್ಕರ ರೋಗ ತಗಳ್ಳುತ್ವಾ?" ಹೌದು. ಔಷಧಿಯ ಪರೀಕ್ಷೆ ಮನುಷ್ಯರ ಮೇಲೆ ನಡೆಯುವಾಗಲೂ ಒಂದು ಗುಂಪಿಗೆ ಹೊಸ ಔಷಧಿ ಸಿಗುವುದಿಲ್ಲ. ಆ ಗುಂಪಿನ ಒಪ್ಪಿಗೆ ಪಡೆದು, ಅವರ ಋಣವನ್ನು ನೆನಪಿಟ್ಟುಕೊಂಡು ಆ ಕೆಲಸ ಮಾಡಬೇಕು. ನಾವು ನುಂಗುವ ಎಷ್ಟೋ ಮಾತ್ರೆಗಳ ಹಿಂದೆ ಹೀಗೆ ಬಿಟ್ಟ ಸಾಲಿನಲ್ಲಿ ನಿಂತ ಜನರಿದ್ದಾರೆ.

ಮೂರನೆಯ ವರ್ಷ ಬಿಟ್ಟ ಸಾಲಿನ ಗಿಡಗಳಿಗೆ ಕೆಂಪು ಪಟ್ಟಿ ಕಟ್ಟಿದೆವು. ಸ್ಪ್ರೇ ಮುಗಿದ ಮೇಲೆ ಮೇಸ್ತ್ರಿಯೇ ಪಟ್ಟಿ ಬಿಚ್ಚಿ, ಸಾಲಿನ ನಂಬರನ್ನು ತಮ್ಮ ಹತ್ತಿರವೇ ಇಟ್ಟುಕೊಂಡರು. ಎಣಿಸಿದ್ದು ತಮ್ಮನ ಮಗಳು, ಆಗ ಹೈಸ್ಕೂಲು. ಮಳೆಗೆ ಬೋರ್ಡೋದ ನೀಲಿಯೂ ತೊಳೆದುಹೋಗಿತ್ತು. ಯಾವ ಸಾಲು ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅರ್ಧ ಮಾಸಿದ ಚುಕ್ಕೆಯೊಂದನ್ನು ಎಣಿಸಬೇಕೋ ಬಿಡಬೇಕೋ ಎನ್ನುವಾಗ ಕಣ್ಣು ವಾಲುತ್ತದೆ. ಪ್ರಾಮಾಣಿಕರ ಕಣ್ಣೂ ವಾಲುತ್ತದೆ. ಎಣಿಕೆ ಮುಗಿದ ಮೇಲೆ ನಂಬರು ಹೊಂದಿಸಿ ನೋಡಿದರೆ, ಬಿಟ್ಟ ಸಾಲುಗಳಲ್ಲಿ ತುಕ್ಕಿನ ಎಲೆ ಎದ್ದು ಕಾಣುವಷ್ಟು ಹೆಚ್ಚು. ಅಪ್ಪನ ಬೋರ್ಡೋ ಗೆದ್ದಿತು. ಈ ಸಲದ ಗೆಲುವನ್ನು ಪಕ್ಕದ ತೋಟದ ಹಿರಿಯರೂ ಒಪ್ಪಿದರು.

ಚೀಟಿ ಎತ್ತುವ ಈ ಉಪಾಯವನ್ನು ಶಾಸ್ತ್ರವಾಗಿ ಕಟ್ಟಿದವರು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿದ್ದ ಫಿಶರ್. ಅವರ 1935ರ ಪುಸ್ತಕದಲ್ಲಿ ಬರುವ ಟೀ ಪರೀಕ್ಷೆಯನ್ನು ನಮ್ಮ ಮನೆಗಳಲ್ಲಿ ಕಾಫಿಯಿಂದಲೇ ಮಾಡಬಹುದು. ಚಿಕೋರಿ ಬೆರೆಸಿದ್ದು ತನಗೆ ನಾಲಗೆಗೆ ಇಟ್ಟ ಕೂಡಲೇ ಗೊತ್ತಾಗುತ್ತದೆ ಎನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ. ಎಂಟು ಲೋಟ ಇಡಿ. ನಾಲ್ಕಕ್ಕೆ ಚಿಕೋರಿ, ನಾಲ್ಕಕ್ಕೆ ಇಲ್ಲ; ಅಷ್ಟನ್ನು ಅವರಿಗೆ ಹೇಳಿ. ಅವರು ನೋಡದಂತೆ ಸಾಲು ಕಲೆಸಿ ಕೊಡಿ. ಬರೀ ಊಹೆಯಿಂದ ಎಂಟನ್ನೂ ಸರಿಯಾಗಿ ಹೇಳುವ ಸಂಭವ ಎಪ್ಪತ್ತರಲ್ಲಿ ಒಂದು. ಒಂದೇ ಲೋಟ ಕೊಟ್ಟು ಕೇಳಿದರೆ ಎರಡರಲ್ಲಿ ಒಂದು! ಎಷ್ಟು ಲೋಟ ಬೇಕು ಎಂದು ಮೊದಲೇ ಲೆಕ್ಕ ಹಾಕುವುದು ಅದಕ್ಕೇ.

"ಅಲ್ಲ" ಎಂಬ ಉತ್ತರ ದೊಡ್ಡ ದೊಡ್ಡವರಿಗೂ ಬಂದಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಕಾಡಿಗೆ ಹೋದ ಜನ ಜ್ವರದಿಂದ ಮಲಗಿದರು. ಮಂಗಗಳು ಸಾಯುವುದನ್ನು ಕಂಡು, ಭಾರತಕ್ಕೆ ಎಂದೂ ಬಾರದ ಹಳದಿ ಜ್ವರ ಬಂತೇನೋ ಎಂಬ ಭಯ ತಜ್ಞರಿಗಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ವೈರಸ್ಸನ್ನು ಬೇರ್ಪಡಿಸಿ ಪರೀಕ್ಷಿಸಿದಾಗ ಅದು ಹಳದಿ ಜ್ವರದ್ದಲ್ಲ. ದೂರದ ರಷ್ಯಾದ ಕಾಡುಗಳಲ್ಲಿ ಕಂಡಿದ್ದ, ಉಣುಗಿನಿಂದ ಹರಡುವ ವೈರಸ್ಸುಗಳ ಬಳಗಕ್ಕೆ ಅದು ಸೇರಿತ್ತು. ಹಳದಿ ಜ್ವರದಂತೆ ಇದನ್ನೂ ಸೊಳ್ಳೆ ಹರಡುತ್ತದೆ ಎಂಬ ಊಹೆಯನ್ನೇ ಹಿಡಿದು ಕೂತಿದ್ದರೆ ನಮ್ಮ ಜನ ಇನ್ನೆಷ್ಟು ದಿನ ಮೈಗೆ ಉಣುಗು ಹತ್ತಿಸಿಕೊಂಡು ತರಗೆಲೆ ಗುಡಿಸುತ್ತಿದ್ದರೋ. ಈ ಮಂಗನ ಕಾಯಿಲೆಗೆ ವರ್ಷಾನುಗಟ್ಟಲೆ ಒಂದು ಲಸಿಕೆ ಕೊಟ್ಟರು. ನಿರೀಕ್ಷಿಸಿದಷ್ಟು ರಕ್ಷಣೆ ಅದರಿಂದ ಸಿಗುತ್ತಿಲ್ಲ ಎಂದು ಕಂಡಾಗ ಅದನ್ನು ನಿಲ್ಲಿಸಿದರು. ನಮ್ಮ ಜಿಲ್ಲೆಯ ಕೊಪ್ಪ, ನರಸಿಂಹರಾಜಪುರದ ಕಡೆಯ ಮನೆಗಳಿಗೆ ಇದು ಈಗಲೂ ಪ್ರತಿ ಬೇಸಿಗೆಯ ಆತಂಕ. ಹೊಸ ಲಸಿಕೆ ಬೇಗ ಬರಲಿ, ಗಟ್ಟಿಯಾಗಿ ಪರೀಕ್ಷೆಯಾಗಿ ಬರಲಿ ಎಂದು ಮನಸಾರೆ ಬಯಸುತ್ತೇನೆ.

ಹಾಗಾದರೆ ಹಿರಿಯರ ಮಾತಿಗೆ ಬೆಲೆಯಿಲ್ಲವೇ ಎಂದು ಕೆಲವರು ಕೇಳುತ್ತಾರೆ. ತುಂಬ ಬೆಲೆಯಿದೆ. ನೆರಳು ತೆಗೆದರೆ ಬೋರರ್ ಹೆಚ್ಚುತ್ತದೆ ಎಂದು ಅಜ್ಜ ಹೇಳುತ್ತಿದ್ದರು. ಆ ಹುಳು ಬಿಸಿಲು ಬೀಳುವ ಕಾಂಡವನ್ನೇ ಹುಡುಕಿ ಮೊಟ್ಟೆ ಇಡುತ್ತದೆ ಎಂದು ಸಂಶೋಧಕರೂ ಕಂಡುಕೊಂಡಿದ್ದಾರೆ. ನಮ್ಮ ತೋಟಗಳಲ್ಲಿ ಇನ್ನೊಂದು ದೊಡ್ಡ ಆಸ್ತಿ ಇದೆ: ಮಳೆ ಪುಸ್ತಕ. ಅಂಗಳದಲ್ಲಿ ಮಳೆಮಾಪಕ ಇಟ್ಟು, ದಿನಾ ಬೆಳಿಗ್ಗೆ ಇಂಚು ಸೆಂಟಿನ ಲೆಕ್ಕದಲ್ಲಿ ಬರೆದಿಟ್ಟ ಪುಸ್ತಕಗಳು ತಲೆಮಾರುಗಳಿಂದ ಮನೆಗಳ ಕಪಾಟಿನಲ್ಲಿವೆ. ಇಂಥ ನಕ್ಷತ್ರದ ಮಳೆ ಹೀಗಾದರೆ ಮುಂದೆ ಹಾಗೆ ಎಂಬ ಮಾತು ಯಾರ ಬಾಯಲ್ಲಾದರೂ ಬಂದರೆ ನಾನು ಆ ಪುಸ್ತಕ ತೆರೆಯುತ್ತೇನೆ. ಮಾತು ನಿಜವಾದ ವರ್ಷ ನಮಗೆ ನೆನಪಿರುತ್ತದೆ, ಸುಳ್ಳಾದ ವರ್ಷ ಮರೆತುಹೋಗುತ್ತದೆ. ಪುಸ್ತಕ ಎರಡನ್ನೂ ಇಟ್ಟುಕೊಂಡಿರುತ್ತದೆ. ದಯವಿಟ್ಟು ಆ ಹಳೇ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ.

ನಮ್ಮ ಕೆಳಗಿನ ಗುಡ್ಡದಲ್ಲಿ ಈಗ ಚಂದ್ರಗಿರಿ ಇದೆ. 2007ರಲ್ಲಿ ಬಾಳೆಹೊನ್ನೂರಿನಿಂದ ಬಿಡುಗಡೆಯಾದ ತಳಿ, ತುಕ್ಕನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಅಲ್ಲೂ ಚೀಟಿ ಎತ್ತಿ ಸಾಲು ಬಿಟ್ಟು ನೋಡಿದೆವು. ಹೊಡೆದ ಸಾಲಿಗೂ ಬಿಟ್ಟ ಸಾಲಿಗೂ ನಮ್ಮ ಎಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆ ಬ್ಲಾಕಿಗೆ ಬೋರ್ಡೋ ನಿಲ್ಲಿಸೋಣ ಎಂದು ನಾನಂದೆ. ತಮ್ಮನ ಮಗಳು ಈಗ ಕೃಷಿ ಓದುತ್ತಿದ್ದಾಳೆ. "ನಿಲ್ಸಿ ದೊಡ್ಡಪ್ಪ, ಆದ್ರೆ ಎಣಿಸೋದು ನಿಲ್ಸೋದು ಬೇಡ. ಕೆಂಟ್ಸ್ ಕಥೆ ನೀವೇ ಹೇಳಿದ್ದು" ಅಂದಳು.

ಕಳೆದ ತಿಂಗಳು ರಜಕ್ಕೆ ಬಂದವಳು ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ ಆ ಗುಡ್ಡಕ್ಕೆ ಹೋಗಿ, ಇಂಬಳ ಕಿತ್ತುಕೊಳ್ಳುತ್ತಾ ವಾಪಸು ಬಂದಳು. ಎಣಿಕೆಯ ಪುಸ್ತಕದಲ್ಲಿ ಅವಳು ಬರೆದದ್ದು ಇಷ್ಟು: ಚಂದ್ರಗಿರಿ ಬ್ಲಾಕ್, ಹನ್ನೊಂದನೆಯ ಸಾಲು, ಆರನೆಯ ಗಿಡ, ಕೆಳ ರೆಕ್ಕೆಯ ಎರಡು ಎಲೆಯಲ್ಲಿ ಹಳದಿ ಚುಕ್ಕೆ. ಅಡಿಯಲ್ಲಿ ಹುಡಿ ಇನ್ನೂ ಇಲ್ಲ. ಹದಿನೈದು ದಿನ ಬಿಟ್ಟು ಮತ್ತೆ ನೋಡಬೇಕು.